ಮುಂಬಯಿಯ ಚೈತ್ರದ ಸಂತೆ: ನಮ್ಮ ಹಣ್ಣು-ಕಾಯಿಪಲ್ಲೆಗಳ ಪೂರ್ವಚರಿತ್ರೆ

ಋತುಗಳಿಗೆಲ್ಲ ವಸಂತನೇ ಅರಸನೆಂದು ನಮ್ಮ ಕವಿಗಳು ಹಾಡಿಕೊಂಡು ಬಂದಿದ್ದಾರೆ. ನಾವು ಕವಿಗಳಲ್ಲ, ವಾಣಿಜ್ಯದಲ್ಲಿ ಪದವಿ ಪಡೆದು ಈ ಮಹಾನಗರದ ಬ್ಯಾಂಕೊಂದರಲ್ಲಿ ಗುಮಾಸ್ತಗಿರಿ ಮಾಡಿಕೊಂಡಿರುವ ಸಾಮಾನ್ಯರು. ವಸಂತನು ಬಂದನೆಂಬ ವಾರ್ತೆ ನಮಗೆ ಕೋಗಿಲೆಯಿಂದ ತಿಳಿಯುವುದಿಲ್ಲ, ಖಾತೆಗಳಿಂದ ತಿಳಿಯುತ್ತದೆ. ನಮ್ಮ ಶಾಖೆಯ ಗಿರಾಕಿಗಳಲ್ಲಿ ಹಣ್ಣಿನ ದಲಾಲರು ಕೆಲವರಿದ್ದಾರೆ. ಮಾವು ಹೂಬಿಡುವ ಹೊತ್ತಿಗೆ ತೋಟದವರಿಗೆ ಮುಂಗಡವಾಗಿ ಅವರ ಹಣ ಹೊರಗೆ ಹೋಗತೊಡಗುತ್ತದೆ; ಯುಗಾದಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಒಳಗೆ ಬರತೊಡಗುತ್ತದೆ; ಮಿರ್ಗದ ಮಳೆ ಬಿದ್ದಿತೆಂದರೆ ಖಾತೆ ಮತ್ತೆ ನಿದ್ದೆಹೋಗುತ್ತದೆ. ಲೆಡ್ಜರುಗಳು ಹೋಗಿ ಗಣಕಯಂತ್ರಗಳು ಬಂದರೂ ಈ ಏರಿಳಿತ ಮಾತ್ರ ತಪ್ಪಿಲ್ಲ. ವರ್ಷವರ್ಷವೂ ಇದನ್ನು ನೋಡುತ್ತ ನೋಡುತ್ತ ಇದರ ಹಿಂದಿನ ಚರಿತ್ರೆಯೇನೆಂದು ತಿಳಿಯುವ ಕುತೂಹಲ ನಮಗೆ ಹುಟ್ಟಿತು. ಅದರ ಫಲವೇ ಈ ಲೇಖನ. ರಾಜ್ಯೋತ್ಸವದ ಸಂಚಿಕೆಯಲ್ಲಿ ರಾಜಮಹಾರಾಜರ ಯುದ್ಧಗಳನ್ನು ಓದಬಯಸುವ ವಾಚಕರು ಕ್ಷಮಿಸಬೇಕು. ಇದರಲ್ಲಿ ಯುದ್ಧ ಒಂದೇ ಒಂದು ಬರುತ್ತದೆ. ಅದೂ ಮಾವಿನ ಹಣ್ಣಿನ ಸಲುವಾಗಿ.

ಕಾಲವೇ ಅಡಿಗೆಯವನಾಗಿದ್ದ ಕಾಲ

ಚೈತ್ರ-ವೈಶಾಖಗಳೆರಡು ಸೇರಿ ವಸಂತ ಋತುವೆಂಬುದು ಎಲ್ಲರಿಗೂ ತಿಳಿದದ್ದೇ. ಈ ಎರಡು ತಿಂಗಳಲ್ಲಿ ನಮ್ಮ ಹಿರಿಯರ ಮನೆಗೆ ಏನು ಬರುತ್ತಿತ್ತು? ಹಣ್ಣುಗಳಂತೂ ಒಂದರ ಮೇಲೊಂದು ಬರುತ್ತಿದ್ದವು: ಮಾವು, ಹಲಸು, ಗೇರು, ಕಲ್ಲಂಗಡಿ, ಕರಬೂಜ, ತಾಟಿನುಂಗು, ಕವಳೆ, ಕೊನೆಗೆ ನೇರಳೆ. ಆದರೆ ಕಾಯಿಪಲ್ಲೆಯ ಮಾತು ಬೇರೆ. ಬಯಲುಸೀಮೆಯಲ್ಲಿ ಅದು ಕೆರೆ ಬತ್ತುವ, ಬಾವಿಯ ಹಗ್ಗ ಉದ್ದವಾಗುವ ಕಾಲ. ಹಿಂಗಾರಿನ ಜೋಳ, ಕಡಲೆ, ಗೋದಿ ಮನೆ ಸೇರಿರುತ್ತಿದ್ದವು, ಹೊಲ ಬರಿದಾಗಿರುತ್ತಿತ್ತು. ಬಾವಿಯ ನೀರುಂಟಾದವರ ಹಿತ್ತಿಲಲ್ಲಿ ನಾಲ್ಕು ಬದನೆ, ಒಂದಿಷ್ಟು ಸೊಪ್ಪು, ಬೇಲಿಯ ನುಗ್ಗೆಯ ಮರದಲ್ಲಿ ಕಾಯಿ, ಇಷ್ಟೇ. ಆದಕಾರಣವೇ ಹಿರಿಯರು ಬಿಸಿಲನ್ನೇ ಬಂಡವಾಳ ಮಾಡಿಕೊಂಡರು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ರುಚಿಗಾಗಿ ಹುಟ್ಟಿದವಲ್ಲ. ಮುಂದಿನ ಮಳೆಗಾಲದ ಇಲ್ಲಗಳಿಗೆ ಇಂದಿನ ಬಿಸಿಲಿನಿಂದ ಕಟ್ಟಿಟ್ಟ ವಿಮೆಗಳು. ಹೊಸ ಹುಣಸೆಹಣ್ಣು ಬೀಜ ಬಿಡಿಸಿಕೊಂಡು ಉಪ್ಪಿನೊಡನೆ ಮಡಕೆ ಸೇರುವುದೂ, ಬ್ಯಾಡಗಿಯ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ಚೀಲಗಳು ಬೆಟ್ಟದಂತೆ ಏರುವುದೂ ವಸಂತದ ಹೊಸ್ತಿಲಲ್ಲೇ.

ಕರಾವಳಿ ಮತ್ತು ಮಲೆನಾಡಿನ ಬಂಧುಗಳು ನಮ್ಮ ಮಾತಿಗೆ ನಕ್ಕಾರು. ಅವರ ಕಡೆ ಚೈತ್ರದಲ್ಲಿ ಹಲಸಿನ ಎಳೆಯ ಗುಜ್ಜೆಯ ಪಲ್ಯವಾಗುತ್ತದೆ, ಬಸಳೆಯ ಚಪ್ಪರವಿರುತ್ತದೆ, ಮಂಗಳೂರು ಸೌತೆ ಅಟ್ಟದಲ್ಲಿ ತೂಗುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಪುನರ್ಪುಳಿ ಹಣ್ಣಾಗಿ, ಅದರ ಸಿಪ್ಪೆ ಒಣಗಿ ವರ್ಷವಿಡೀ ಸಾರಿಗೂ ಪಾನಕಕ್ಕೂ ಒದಗುತ್ತದೆ. ಶರಾವತಿ, ಅಘನಾಶಿನಿಯಂಥ ಹೊಳೆಗಳ ದಂಡೆಯ ಕಾಡುಮಾವಿನ ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ದು ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳ ಬದನೆಯ ಬೀಜವನ್ನು ಶ್ರೀ ವಾದಿರಾಜ ಯತಿಗಳು ಕೊಟ್ಟರೆಂಬ ಐತಿಹ್ಯವುಂಟು. ಐತಿಹ್ಯದ ಮಾತು ಹಾಗಿರಲಿ, ಒಂದು ಬದನೆಯ ತಳಿಗೆ ಒಂದು ಗ್ರಾಮವೂ ಒಬ್ಬ ಯತಿಯೂ ನೆನಪಿನಲ್ಲಿ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ. 

ಯುಗಾದಿಯ ದಿನದ ಬೇವು-ಬೆಲ್ಲ, ಮಾವಿನಕಾಯಿಯ ಚಿತ್ರಾನ್ನ, ರಾಮನವಮಿಯ ಪಾನಕ-ಕೋಸಂಬರಿ ಇವುಗಳನ್ನು ಈ ದೃಷ್ಟಿಯಿಂದ ನೋಡಿದರೆ ಹಬ್ಬವೆಂಬುದು ಆ ವಾರ ಊರಿನ ಸಂತೆಯಲ್ಲಿ ಏನು ದೊರೆಯುತ್ತಿತ್ತೆಂಬುದರ ದಾಖಲೆಯೂ ಆಗಿದೆ. ಬೇವು ಹೂಬಿಟ್ಟಿದೆ, ಮಾವು ಇನ್ನೂ ಕಾಯಿ, ಆಲೆಮನೆಯ ಹೊಸ ಬೆಲ್ಲ ಮನೆಯಲ್ಲಿದೆ. ಆದ್ದರಿಂದಲೇ ಆ ಪ್ರಸಾದ.

ಹಳೆಯ ಗ್ರಂಥಗಳ ಸಾಕ್ಷ್ಯ

ನಮ್ಮ ನಾಡಿನವರು ಉಣ್ಣುವುದನ್ನು ಬರೆದಿಡಲು ಸಂಕೋಚಪಟ್ಟವರಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಹೆಸರಿಗೆ ತಕ್ಕಂತೆ ಇದರಲ್ಲಿ ಲೋಕಕ್ಕೆ ಬೇಕಾದುದೆಲ್ಲ ಇದೆ: ಬಾವಿಗೆ ಜಲ ನೋಡುವುದು, ಮನೆ ಕಟ್ಟುವುದು, ಗಿಡಮರಗಳ ಆರೈಕೆ, ಅಡಿಗೆ, ಮನುಷ್ಯರಿಗೂ ದನಕರುಗಳಿಗೂ ಮದ್ದು. ಗಿಡಮರಗಳ ಆರೈಕೆಗೆ ವೃಕ್ಷಾಯುರ್ವೇದವೆಂದು ಹೆಸರು. ಆ ಶಾಸ್ತ್ರದವರು ಗಿಡದ ಬೇರಿಗೆ ಹಾಲು, ತುಪ್ಪ, ಎಳ್ಳು, ಸಗಣಿ ಮೊದಲಾದವುಗಳ ಉಪಚಾರವನ್ನು ಹೇಳುತ್ತಾರೆ. ಇಂದು ಇದನ್ನೇ ಮಾಡಿದವನು ‘ಸಾವಯವ ಕೃಷಿಕ’ನೆನಿಸಿಕೊಳ್ಳುತ್ತಾನೆ; ಅಂದು ಅವನು ಬರಿಯ ಒಕ್ಕಲಿಗ.

ಇದಾದ ಮೇಲೆ ಸುಮಾರು ನೂರು ವರ್ಷಕ್ಕೆ, ಕಲ್ಯಾಣದ ಮೂರನೆಯ ಸೋಮೇಶ್ವರ ಚಕ್ರವರ್ತಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದನು. ಅದರ ‘ಅನ್ನಭೋಗ’ದ ಭಾಗ ಅರಮನೆಯ ಅಡಿಗೆಯ ವಿವರವೇ ಆಗಿದೆ. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನು ಕನ್ನಡದ ಷಟ್ಪದಿಯಲ್ಲಿಯೇ ರಚಿಸಿದನು. ಬದನೆಕಾಯಿ, ಬಾಳೆಕಾಯಿ, ಹಲಸು, ಬಿದಿರಿನ ಕಳಲೆ ಇವುಗಳ ಪಾಕಗಳನ್ನು ಆತ ಪ್ರೀತಿಯಿಂದ ವಿವರಿಸುತ್ತಾನೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವುಗಳ ಸಮೃದ್ಧಿಯನ್ನೂ ಅಗ್ಗದ ಬೆಲೆಯನ್ನೂ ಕಂಡು ಬೆರಗಾಗಿ ಬರೆದಿದ್ದಾನೆ.

ಈ ಗ್ರಂಥಗಳಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ. ಮಂಗರಸನ ಅಡಿಗೆಮನೆಯಲ್ಲಿ ಖಾರಕ್ಕೆ ಮೆಣಸಿನಕಾಯಿಯಿಲ್ಲ, ಪಲ್ಯಕ್ಕೆ ಆಲೂಗಡ್ಡೆಯಿಲ್ಲ, ಸಾರಿಗೆ ಟೊಮ್ಯಾಟೊ ಇಲ್ಲ. ಅವು ಇನ್ನೂ ಸಮುದ್ರದ ಆಚೆಗಿದ್ದವು.

ಪರಂಗಿಯವರ ಹಡಗು

ವಾಸ್ಕೊ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು. ಅಫೊನ್ಸೊ ಡ ಅಲ್ಬುಕರ್ಕನು 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಗೆದ್ದುಕೊಂಡನು. ನಾವು ಮೊದಲೇ ಹೇಳಿದ ಒಂದು ಯುದ್ಧ ಇದೇ. ಪೋರ್ತುಗೀಜರು ಬಂದುದು ಮೆಣಸಿನ ಆಸೆಯಿಂದ, ಕೊಟ್ಟದ್ದು ಮೆಣಸಿನಕಾಯಿಯನ್ನು! ಅಮೆರಿಕ ಖಂಡದಲ್ಲಿ ದೊರೆತ ಮೆಣಸಿನಕಾಯಿ, ಗೇರು, ಅನಾನಸು, ಪಪಾಯಿ, ಪೇರಲ, ಬಟಾಟೆ ಇವೆಲ್ಲ ಅವರ ಹಡಗುಗಳ ಹಾದಿಯಿಂದ ಒಂದೊಂದಾಗಿ ನಮ್ಮ ದಂಡೆಗಿಳಿದವು.

ಇದರ ಚರಿತ್ರೆಯನ್ನು ತಿಳಿಯಲು ದಫ್ತರಖಾನೆಗೆ ಹೋಗಬೇಕಾಗಿಲ್ಲ. ನಮ್ಮ ಮಾತನ್ನೇ ಕೇಳಿದರೆ ಸಾಕು. ಪಪಾಯಿಗೆ ಮೈಸೂರು ಕಡೆಯವರು ‘ಪರಂಗಿ ಹಣ್ಣು’ ಎನ್ನುತ್ತಾರೆ. ಪರಂಗಿಯೆಂದರೆ ಫರಂಗಿ, ಪರದೇಶದವನು. ‘ಪೇರಲ’, ‘ಅನಾನಸು’, ‘ಬಟಾಟೆ’ಗಳು ಪೋರ್ತುಗೀಜ ಶಬ್ದಗಳ ಮಕ್ಕಳು. ‘ಸೀಮೆ ಬದನೆ’ಯೆಂದರೆ ಸೀಮೆಯಿಂದ, ಎಂದರೆ ವಿಲಾಯತಿಯ ಕಡೆಯಿಂದ ಬಂದ ಬದನೆ. ‘ಮೆಣಸಿನಕಾಯಿ’ಯೆಂಬ ಮಾತು ಇವೆಲ್ಲಕ್ಕಿಂತ ಸೊಗಸಾದುದು: ಮೆಣಸಿನ ಕೆಲಸ ಮಾಡುವ ಕಾಯಿ! ಹೊಸದಾಗಿ ಬಂದವನಿಗೆ ಮನೆಯ ಹಿರಿಯನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡ ಹಾಗೆ. ಹೀಗೆ ಬಂದ ಪರದೇಶಿಯೇ ಇಂದು ನಮ್ಮ ಬ್ಯಾಡಗಿಯ ಹೆಸರನ್ನು ಹೊತ್ತು ಮೆರೆಯುತ್ತಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಪರಸ್ಥಳದಲ್ಲಿ ನೆಲೆಸಿರುವ ನಾವು ಈ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಯೋಚಿಸುವುದು ಒಳ್ಳೆಯದು.

ಈ ಆಗಂತುಕರೆಲ್ಲರೂ ಎಲ್ಲ ಬಾಗಿಲುಗಳಲ್ಲಿಯೂ ಸಲೀಸಾಗಿ ಒಳಬರಲಿಲ್ಲ. ಎಷ್ಟೋ ಮನೆತನಗಳಲ್ಲಿ ಇಂದಿಗೂ ಶ್ರಾದ್ಧದ ಅಡಿಗೆಗೆ ಆಲೂಗಡ್ಡೆ, ಟೊಮ್ಯಾಟೊ, ಕೋಸು ಸಲ್ಲವು. ಖಾರಕ್ಕೆ ಮೆಣಸಿನಕಾಯಿಯ ಬದಲು ಕರಿಮೆಣಸನ್ನೇ ಹಾಕುತ್ತಾರೆ. ಇದನ್ನು ಮಡಿಯೆಂದಷ್ಟೇ ತಿಳಿದಿದ್ದೆವು. ಲೆಕ್ಕಹಾಕಿ ನೋಡಿದರೆ ಅದು ನಾಲ್ಕೈದು ನೂರು ವರ್ಷಗಳ ಹಿಂದಿನ ಅಡಿಗೆಮನೆಯನ್ನು ಹಾಗೆಯೇ ಕಾಪಾಡಿಕೊಂಡು ಬಂದ ಪದ್ಧತಿ. ಪಿತೃಗಳಿಗೆ ಅವರು ಉಣ್ಣುತ್ತಿದ್ದುದನ್ನೇ ಬಡಿಸಬೇಕೆಂಬ ನ್ಯಾಯ ಅದರಲ್ಲಿದೆ ಎಂದು ನಮಗೆ ತೋರುತ್ತದೆ.

ಇನ್ನು ಮಾವು. ಮಾವು ನಮ್ಮದೇ; ಅದನ್ನು ಯಾರೂ ತರಬೇಕಾಗಿರಲಿಲ್ಲ. ಆದರೆ ಒಂದೇ ಗುಣದ ಹಣ್ಣನ್ನು ಮರದಿಂದ ಮರಕ್ಕೆ ಸಾಗಿಸುವ ಕಸಿಯ ವಿದ್ಯೆಯನ್ನು ಗೋವೆಯಲ್ಲಿ ಪ್ರಚಾರಕ್ಕೆ ತಂದವರು ಪೋರ್ತುಗೀಜ ಪಾದ್ರಿಗಳು. ಓಟೆಯಿಂದ ಹುಟ್ಟಿದ ಮರದ ಹಣ್ಣು ತಾಯಿಮರದ ಹಣ್ಣಿನಂತೆಯೇ ಇರುವುದೆಂಬ ಭರವಸೆಯಿಲ್ಲ. ಕಸಿಯ ಮರಕ್ಕೆ ಆ ಭರವಸೆಯುಂಟು. ಹೀಗೆ ಸ್ಥಿರವಾದ ತಳಿಗಳಲ್ಲಿ ಒಂದಕ್ಕೆ ಗೋವೆಯನ್ನು ಗೆದ್ದ ಅಫೊನ್ಸೊನ ಹೆಸರು ನಿಂತಿತೆಂದು ಪ್ರತೀತಿ. ಕೊಂಕಣದವರ ಬಾಯಲ್ಲಿ ಅದು ‘ಹಾಪೂಸ್’ ಆಯಿತು, ಧಾರವಾಡದವರ ಬಾಯಲ್ಲಿ ‘ಆಪೂಸು’ ಆಯಿತು, ಮೈಸೂರಿನ ಕಡೆಗೆ ಹೋಗುವಷ್ಟರಲ್ಲಿ ‘ಬಾದಾಮಿ’ಯೇ ಆಗಿಹೋಯಿತು. ಗೆದ್ದವನ ಹೆಸರು ಕರಗಿಹೋಗಿ ಹಣ್ಣು ಮಾತ್ರ ಉಳಿಯಿತು.

ಮುಂಬಯಿಯ ಪೇಟೆ

ಮುಂಬಯಿಗೂ ತನ್ನದೇ ಆದ ಮಾವು ಇದ್ದಿತೆಂದರೆ ಇಂದಿನವರು ನಂಬಲಿಕ್ಕಿಲ್ಲ. ಈಗ ಗೋದಿ-ಗುದಾಮುಗಳಿಂದ ಕಿಕ್ಕಿರಿದಿರುವ ಮಜಗಾಂವದ ಮಾವು ಒಂದು ಕಾಲಕ್ಕೆ ದೇಶಾಂತರದಲ್ಲಿ ಪ್ರಸಿದ್ಧವಾಗಿತ್ತು. ಐರಿಷ್ ಕವಿ ಥಾಮಸ್ ಮೂರನು 1817ರಲ್ಲಿ ಪ್ರಕಟಿಸಿದ ‘ಲಲ್ಲಾ ರೂಖ್’ ಎಂಬ ಕಾವ್ಯಕಥೆಯಲ್ಲಿಯೂ ಅದರ ಉಲ್ಲೇಖವಿದೆ. ನಗರ ಬೆಳೆಯಿತು, ತೋಟಗಳು ಹೋದವು, ಹಣ್ಣು ಹೊರಗಿನಿಂದ ಬರಬೇಕಾಯಿತು.

ಹೊರಗಿನಿಂದ ಬಂದ ಸರಕಿಗೆ ಸೂರು ಬೇಕಷ್ಟೆ. ನಗರದ ಮೊದಲ ಮುನಿಸಿಪಲ್ ಕಮಿಷನರನಾಗಿದ್ದ ಆರ್ಥರ್ ಕ್ರಾಫರ್ಡನ ಹೆಸರಿನ ಮಾರುಕಟ್ಟೆ 1869ರಲ್ಲಿ ಪೂರ್ಣವಾಯಿತು. ಕಟ್ಟಡದ ನಕ್ಷೆ ವಿಲಿಯಂ ಎಮರ್ಸನ್ನನದು. ಬಾಗಿಲ ಮೇಲಣ ಒಕ್ಕಲುಮಕ್ಕಳ ಉಬ್ಬುಶಿಲ್ಪಗಳು ಲಾಕ್‌ವುಡ್ ಕಿಪ್ಲಿಂಗನವು. ಈಗ ಅದಕ್ಕೆ ಮಹಾತ್ಮಾ ಜೋತಿಬಾ ಫುಲೆ ಮಂಡಯಿಯೆಂಬ ಯೋಗ್ಯವಾದ ಹೆಸರಿದೆ. ಕೊಂಕಣದ ಮಾವು ಕರಾವಳಿಯ ಹಡಗುಗಳಲ್ಲಿ ಬಂದು ಧಕ್ಕೆಯಲ್ಲಿ ಇಳಿಯುತ್ತಿತ್ತು. ನಮ್ಮ ಧಾರವಾಡಕ್ಕೆ ದಕ್ಷಿಣ ಮರಾಠಾ ರೈಲುಮಾರ್ಗ ಬಂದುದು 1880ರ ದಶಕದ ಕೊನೆಯಲ್ಲಿ. ಅಲ್ಲಿಂದ ಹೊರಟ ಬುಟ್ಟಿ ಪುಣೆಯವರೆಗೆ ಸಣ್ಣ ಹಳಿಯ ಗಾಡಿಯಲ್ಲಿ ಬಂದು, ಅಲ್ಲಿ ಇಳಿದು, ದೊಡ್ಡ ಹಳಿಯ ಗಾಡಿ ಹತ್ತಿ ಮುಂಬಯಿ ಸೇರಬೇಕು. ನಮ್ಮ ಅಜ್ಜಂದಿರು ಬಂದುದೂ ಅದೇ ದಾರಿಯಿಂದ, ಅದೇ ರೀತಿ ಗಾಡಿ ಬದಲಿಸಿಕೊಂಡು. ಮಂಗಳೂರು-ಉಡುಪಿಗಳ ಬಂಧುಗಳು ಹಡಗಿನಲ್ಲಿ ಬಂದರು. ಅವರ ಊರಿನಿಂದ ಮುಂಬಯಿಗೆ ನೇರವಾಗಿ ಕೊಂಕಣದ ಮೇಲೆ ರೈಲು ಓಡಲು 1998ರವರೆಗೆ ಕಾಯಬೇಕಾಯಿತು.

ಹಣ್ಣಿನ ಸಗಟು ವ್ಯಾಪಾರದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಕೊಳ್ಳುವವನೂ ಮಾರುವವನೂ ಒಂದು ಬಟ್ಟೆಯ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ದರ ತಿಳಿಸಿಕೊಳ್ಳುವರು. ನೋಡುವವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಸಾವಿರಗಟ್ಟಲೆ ರೂಪಾಯಿಯ ವ್ಯವಹಾರ ಮುಗಿದಿರುತ್ತದೆ. ಬಿ.ಕಾಂ. ಪರೀಕ್ಷೆಗೆ ನಾವು ಓದಿದ ಯಾವ ಪುಸ್ತಕದಲ್ಲಿಯೂ ಈ ಪಾಠವಿರಲಿಲ್ಲ. ನಗರದ ಒತ್ತಡ ತಾಳಲಾರದೆ 1996ರಲ್ಲಿ ಹಣ್ಣು-ತರಕಾರಿಗಳ ಸಗಟು ಪೇಟೆಗಳು ಖಾಡಿಯ ಆಚೆ ವಾಶಿಗೆ ಸ್ಥಳಾಂತರವಾದವು. ಈಗ ಲಾರಿಗಳು ನಡುರಾತ್ರಿಯ ನಂತರ ಅಲ್ಲಿಗೆ ಬರುತ್ತವೆ; ಬೆಳಗಾಗುವಷ್ಟರಲ್ಲಿ ಸರಕು ದಾದರ, ಮಾಟುಂಗಾ, ಠಾಣೆ, ಡೊಂಬಿವಲಿಗಳ ಗಾಡಿಗಳ ಮೇಲಿರುತ್ತದೆ.

ಇಲ್ಲಿ ಒಂದು ಮಾತನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯಲೇಬೇಕು. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದವೇ ಆಗಿದ್ದವು. 1862ರಿಂದ ಉತ್ತರ ಕನ್ನಡವೂ ಅದರಲ್ಲಿ ಸೇರಿತ್ತು. ಆದ್ದರಿಂದ ಧಾರವಾಡದ ಆಪೂಸು ಮುಂಬಯಿಗೆ ಬಂದರೆ ಅದು ತನ್ನ ಪ್ರಾಂತದ ರಾಜಧಾನಿಗೆ ಬಂದ ಹಾಗೆ. ಕೆಲಗೇರಿಯ ಮಾವಿನ ಮರ 1956ರ ಅಕ್ಟೋಬರ್ 31ರ ರಾತ್ರಿ ಮುಂಬಯಿ ರಾಜ್ಯದ ಮರವಾಗಿತ್ತು, ಮರುದಿನ ಬೆಳಗಿನಿಂದ ವಿಶಾಲ ಮೈಸೂರು ರಾಜ್ಯದ್ದಾಯಿತು, 1973ರಲ್ಲಿ ಕರ್ನಾಟಕದ್ದಾಯಿತು. ಏಕೀಕರಣಕ್ಕಾಗಿ ಹೋರಾಡಿದ ಹಿರಿಯರಿಗೆ ಅದು ಪುಣ್ಯದಿನ, ನಮಗೂ ಪುಣ್ಯದಿನವೇ. ಮರದ ಬೇರು ಮಾತ್ರ ಒಂದಿಂಚೂ ಕದಲಲಿಲ್ಲ. ಆದರೆ ಮುಂಬಯಿಯ ಪೇಟೆಯಲ್ಲಿ ಅದರ ಹಣ್ಣು ಪರರಾಜ್ಯದ ಹಣ್ಣಾಯಿತು. ನಮ್ಮ ಹಿರಿಯರ ಸ್ಥಿತಿಯೂ ಹೀಗೆಯೇ. ಬಂದಾಗ ಪ್ರಾಂತದವರಾಗಿ ಬಂದವರು ಮನೆಯಿಂದ ಹೊರಬೀಳದೆಯೇ ಪರಸ್ಥಳದವರಾದರು.

ಒಂದು ಪೇಟಿಯ ಕಥೆ

ಈಗ ಸ್ವಂತದ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ಅಕ್ಷಯ ತದಿಗೆಯ ಹೊತ್ತಿಗೆ, ಕಚೇರಿಯಿಂದ ಬರುವಾಗ, ಸ್ಟೇಷನ್ನಿನ ಹೊರಗಿನ ವ್ಯಾಪಾರಿಯೊಬ್ಬನಲ್ಲಿ ‘ಅಸಲು ದೇವಗಡ’ವೆಂದು ಒಂದು ಪೇಟಿ ಮಾವನ್ನು ಕೊಂಡೆವು. ಬೆಲೆ ಕೇಳಿ ಎದೆ ಝಲ್ಲೆಂದರೂ ಮಕ್ಕಳ ಮುಖ ನೆನೆದು ಕೊಟ್ಟೆವು. ಮನೆಯಲ್ಲಿ ನಮ್ಮ ತಾಯಿಯವರು ಪೇಟಿ ಬಿಚ್ಚಿದರು. ಹುಲ್ಲಿನ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ತೆಗೆದು, ಕನ್ನಡಕ ಹಾಕಿಕೊಂಡು ಓದತೊಡಗಿದರು. ಹಣ್ಣು ಬಿಟ್ಟು ಕಾಗದ ಓದುತ್ತಾರಲ್ಲ ಎಂದು ನೋಡಿದರೆ ಅದು ಕನ್ನಡ ಪತ್ರಿಕೆ! ಹುಬ್ಬಳ್ಳಿಯ ಅಂಗಡಿಯೊಂದರ ಜಾಹೀರಾತು ಎದ್ದು ಕಾಣುತ್ತಿತ್ತು. ಆಮೇಲೆ ಒಂದು ಹಣ್ಣನ್ನು ಕೈಗೆತ್ತಿಕೊಂಡು ಮೂಸಿ ನೋಡಿ ಹೇಳಿದರು:

“ಇದು ನಮ್ಮ ಕಡಿ ಹಣ್ಣಪಾ. ದೇವಗಡ ಅಂತ ಯಾರು ಹೇಳಿದ್ರು ನಿನಗ?”

ಮರುದಿನ ಆ ವ್ಯಾಪಾರಿಯನ್ನು ಕೇಳಿಯೇಬಿಟ್ಟೆವು. ಆತ ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. “ಸಾಹೇಬರೆ, ಕರ್ನಾಟಕದ್ದೆಂದರೆ ನೀವೇ ಚೌಕಾಸಿ ಮಾಡುತ್ತೀರಿ; ದೇವಗಡವೆಂದರೆ ಸುಮ್ಮನೆ ಕೊಡುತ್ತೀರಿ” ಎಂದನು. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ. ಮೋಸ ಅವನದೇ, ಸಂಶಯವಿಲ್ಲ. ಆದರೆ ಆ ಮೋಸಕ್ಕೆ ಗಿರಾಕಿ ನಾವು. ಧಾರವಾಡದ ನೆಲದ ಹಣ್ಣನ್ನು ಧಾರವಾಡದ ಹೆಸರಿನಲ್ಲಿ ಮಾರಿದ್ದರೆ ಹತ್ತು ರೂಪಾಯಿ ಕಡಿಮೆ ಮಾಡೆಂದು ನಾವೇ ಜಗ್ಗುತ್ತಿದ್ದೆವು.

ಅಂದು ರಾತ್ರಿ ನಮಗೆ ಇನ್ನೊಂದು ಮಾತೂ ನೆನಪಾಯಿತು. ನೌಕರಿಗೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಗಳು ಊರು ಯಾವುದೆಂದು ಕೇಳಿದರೆ “ಪುಣೆಯ ಆಚೆ” ಎಂದು ಹೇಳಿ ಮಾತು ಹಾರಿಸುತ್ತಿದ್ದೆವು. ಮರಾಠಿ ಚೆನ್ನಾಗಿ ಬರುತ್ತಿತ್ತು, ಯಾರಿಗೂ ಸಂಶಯ ಬರುತ್ತಿರಲಿಲ್ಲ. ಪೇಟಿಯ ಮೇಲೆ ಬೇರೆ ಊರಿನ ಚೀಟಿ ಅಂಟಿಸಿಕೊಂಡಿದ್ದವರು ಆ ವ್ಯಾಪಾರಿಯೊಬ್ಬನೇ ಅಲ್ಲ.

ದೇವಗಡ-ರತ್ನಾಗಿರಿಗಳ ತೋಟಗಾರರ ಮೇಲೆ ನಮಗೆ ದೂರಿಲ್ಲ. ಅವರ ಹಣ್ಣಿನ ಹಿರಿಮೆ ನಿಜವಾದುದು. ಆ ಹೆಸರನ್ನು ಕಾಪಾಡುವುದಕ್ಕಾಗಿಯೇ 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ ಮುಂತಾದ ಕೊಂಕಣದ ಜಿಲ್ಲೆಗಳ ಆಪೂಸಿಗೆ ಭೌಗೋಳಿಕ ಗುರುತನ್ನು ಕೊಟ್ಟಿದ್ದಾರೆ. ಅವರ ಹೆಸರು ಅವರಿಗಿರಲಿ, ನಮ್ಮದು ನಮಗಿರಲಿ. ನಮ್ಮಲ್ಲೇನು ಕಡಿಮೆಯೆ? ಅಪ್ಪೆಮಿಡಿಗೂ ಮಟ್ಟುಗುಳ್ಳಕ್ಕೂ ಅಂಥ ಮನ್ನಣೆ ದೊರೆತಿದೆ. 2023ರಲ್ಲಿ ಅಂಕೋಲೆಯ ಕರಿ ಇಶಾಡ ಮಾವಿಗೂ ದೊರೆಯಿತು. ಆದರೆ ಸರಕಾರದ ಕಾಗದದಲ್ಲಿ ಹೆಸರಿದ್ದರೆ ಸಾಲದು, ಕೊಳ್ಳುವವನ ಬಾಯಲ್ಲಿಯೂ ಇರಬೇಕು.

ಸಾವಯವವೆಂಬ ಹೊಸ ಹೆಸರು

ಇತ್ತೀಚೆಗೆ ನಗರದಲ್ಲಿ ‘ಸಾವಯವ’ ಅಂಗಡಿಗಳು ತೆರೆದಿವೆ. ಸಾಮಾನ್ಯ ಪೇಟೆಗಿಂತ ಹೆಚ್ಚಿನ ಬೆಲೆ ಕೊಟ್ಟು ಅಲ್ಲಿ ಸೊಪ್ಪು ಕೊಳ್ಳುವವರನ್ನು ಕಂಡು ನಮ್ಮ ತಾಯಿಯವರು, “ನಾವು ಉಂಡದ್ದು ಏನಾಗಿತ್ತು ಹಂಗಾದರ?” ಎಂದು ಕೇಳಿದ್ದುಂಟು. ಪ್ರಶ್ನೆ ಸರಿಯಾದುದೇ.

ಗೊಬ್ಬರದ ಗುಂಡಿಯ ವಿದ್ಯೆಯನ್ನು ನಮ್ಮ ರೈತರಿಂದಲೇ ಕಲಿತು ಅದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಆಲ್ಬರ್ಟ್ ಹೋವರ್ಡನೆಂಬ ಆಂಗ್ಲ ವಿಜ್ಞಾನಿ. ಆತ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು ಕಸಕಡ್ಡಿ-ಸಗಣಿಗಳಿಂದ ಗೊಬ್ಬರ ಮಾಡುವ ‘ಇಂದೂರು ಪದ್ಧತಿ’ಯನ್ನು ರೂಪಿಸಿದನು, 1940ರಲ್ಲಿ ಆತನ ಪ್ರಸಿದ್ಧ ಗ್ರಂಥ ಹೊರಬಂದಿತು. ಜಗತ್ತಿನ ಸಾವಯವ ಚಳವಳಿಯವರು ಆತನನ್ನು ಗುರುವೆನ್ನುತ್ತಾರೆ. ಆದರೆ ಆತನ ಪಾಠ ಹರಡುವ ಮೊದಲೇ ಕಾಲ ಬೇರೆ ದಿಕ್ಕಿಗೆ ತಿರುಗಿತು. ಸಿಂದ್ರಿಯಲ್ಲಿ 1951ರಲ್ಲಿಯೂ, ಇಲ್ಲಿಯೇ ಚೆಂಬೂರಿನ ಬದಿಯ ಟ್ರಾಂಬೆಯಲ್ಲಿ 1965ರಲ್ಲಿಯೂ ರಸಗೊಬ್ಬರದ ಕಾರಖಾನೆಗಳು ಕೆಲಸ ಆರಂಭಿಸಿದವು. ಅದರ ಬೆನ್ನಿಗೇ ಹಸಿರು ಕ್ರಾಂತಿ ಬಂದಿತು.

ರಸಗೊಬ್ಬರವನ್ನು ಹಳಿಯುವುದು ಸುಲಭ. ಚರಿತ್ರೆ ಓದಿದವನು ಹಾಗೆ ಮಾಡಲಾರ. ಎಲ್ಲ ಬೆಳೆಯೂ ಸಗಣಿಗೊಬ್ಬರದ್ದೇ ಆಗಿದ್ದ 1876-78ರ ಭೀಕರ ಬರಗಾಲದಲ್ಲಿ ಬಿಜಾಪುರ, ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮಳೆ ಕೈಕೊಟ್ಟ 1965-66ರಲ್ಲಿ ಅಮೆರಿಕದ ಹಡಗಿನ ಗೋದಿಗಾಗಿ ದೇಶ ಕಾದು ನಿಂತಿತ್ತು. ಹಿಂದಿನ ಕಾಲವೆಲ್ಲ ಬಂಗಾರದ್ದಾಗಿರಲಿಲ್ಲ. ಆದರೆ ಹೊಟ್ಟೆ ತುಂಬಿಸಲು ಬಂದ ರಸಾಯನ ಮಿತಿ ಮೀರಿದಾಗ ಏನಾಗುತ್ತದೆಂಬುದನ್ನೂ ನಮ್ಮವರೇ ಅನುಭವಿಸಿದ್ದಾರೆ. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದ ಕೊಕ್ಕಡದಂಥ ಗ್ರಾಮಗಳಲ್ಲಿಯೂ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗಿನ ಮನೆಗಳಲ್ಲಿ ಅಂಗವಿಕಲರಾಗಿ, ರೋಗಿಗಳಾಗಿ ನರಳಿದ ಮಕ್ಕಳ ಕಥೆ ದೇಶಕ್ಕೆಲ್ಲ ತಿಳಿಯಿತು. ಸರ್ವೋಚ್ಚ ನ್ಯಾಯಾಲಯ ಆ ಮದ್ದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ಮಕ್ಕಳಿಗೆ ಅದು ತಡವಾಗಿತ್ತು. ಗೇರಿನ ಹಣ್ಣು ವಸಂತದ ಹಣ್ಣು. ಅದರ ಬಣ್ಣವನ್ನು ನೆನೆದಾಗಲೆಲ್ಲ ಇದೂ ನೆನಪಾಗಬೇಕು.

ಕರ್ನಾಟಕ ಸರಕಾರ 2004ರಲ್ಲಿಯೇ ಸಾವಯವ ಕೃಷಿಯ ನೀತಿಯನ್ನು ಪ್ರಕಟಿಸಿತು. ಸಿಕ್ಕಿಂ 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿತವಾಯಿತು. ಸಾವಯವವೆಂದು ಮಾರುವ ಆಹಾರಕ್ಕೆ 2017ರಿಂದ ಕೇಂದ್ರದ ನಿಯಮಗಳೂ ಗುರುತಿನ ಚಿಹ್ನೆಯೂ ಬಂದಿವೆ. ಮಾವನ್ನು ಕಾರ್ಬೈಡಿನಿಂದ ಹಣ್ಣುಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಕಾನೂನು ತನ್ನ ಕೆಲಸ ಮಾಡಲಿ. ಆದರೆ ಸಂಬಳ ಎಣಿಸಿ ಬದುಕುವ ನಮ್ಮಂಥ ಸಂಸಾರಗಳಿಗೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ, ಅದೇ ಪಂಚಾಂಗ. ಕಾಲಕ್ಕೆ ಸರಿಯಾಗಿ ಬಂದ ಬೆಳೆಯನ್ನು ಬಲವಂತದಿಂದ ಬೆಳೆಸಬೇಕಾದ, ದೂರದಿಂದ ತರಬೇಕಾದ, ತಿಂಗಳುಗಟ್ಟಲೆ ಶೀತಗೃಹದಲ್ಲಿಡಬೇಕಾದ ಅಗತ್ಯ ಕಡಿಮೆ, ಬೆಲೆಯೂ ಇಳಿದಿರುತ್ತದೆ. ಫೆಬ್ರುವರಿಯ ಮೊದಲ ಪೇಟಿಯ ಬೆಲೆಗೂ ಮೇ ತಿಂಗಳ ಪೇಟಿಯ ಬೆಲೆಗೂ ಇರುವ ಅಂತರವನ್ನು ನಮ್ಮ ಗಿರಾಕಿಗಳ ಖಾತೆಗಳು ಪ್ರತಿವರ್ಷ ಸಾರಿ ಹೇಳುತ್ತವೆ. ಕಾಯುವುದಕ್ಕೆ ಬಡ್ಡಿ ಸಿಗುವ ವ್ಯವಹಾರ ಬ್ಯಾಂಕಿನ ಹೊರಗೂ ಇದೆಯೆಂದಾಯಿತು.

ಕೊನೆಯ ಅರಿಕೆ

ಎಲ್ಲ ಕಾಲದಲ್ಲಿಯೂ ಎಲ್ಲವೂ ಸಿಗುವ ಈ ನಗರದಲ್ಲಿ ನಮ್ಮ ಮಕ್ಕಳಿಗೆ ಯಾವುದು ಯಾವ ಕಾಲದ್ದೆಂಬುದೇ ತಿಳಿಯದಾಗಿದೆ. ನಮ್ಮ ಚಿಕ್ಕ ಮಗಳು ಒಮ್ಮೆ, “ಕವಳೆಹಣ್ಣು ಯಾವ ಮಾಲಿನಲ್ಲಿ ಸಿಗುತ್ತದೆ?” ಎಂದು ಕೇಳಿದಳು. ನಕ್ಕೆವು, ಆಮೇಲೆ ಅವಳ ಅಜ್ಜಿ ಮುಳ್ಳುಪೊದೆಯ ಆ ಹುಳಿ ಹಣ್ಣಿನ ಕಥೆ ಹೇಳುತ್ತಿದ್ದಾಗ ನಮಗೇ ಅದರ ರುಚಿ ಅರ್ಧ ಮರೆತುಹೋಗಿದೆಯೆಂಬುದು ಅರಿವಿಗೆ ಬಂದಿತು. ಭಾಷೆ ಪುಸ್ತಕದಲ್ಲಿ ಉಳಿದೀತು. ಗುಜ್ಜೆ, ಮಿಡಿ, ಕಳಲೆ, ಬಾಳಕ ಎಂಬಂಥ ಮಾತುಗಳು ವಸ್ತುವಿಲ್ಲದೆ ಬಹಳ ದಿನ ಉಳಿಯಲಾರವು.

ಆದುದರಿಂದ ಬಂಧುಗಳಲ್ಲಿ ನಮ್ಮದು ಎರಡೇ ಅರಿಕೆ. ಮೊದಲನೆಯದು: ಮನೆಯಲ್ಲಿ ಹಿರಿಯರಿದ್ದರೆ ಅವರ ಊರಿನಲ್ಲಿ ಚೈತ್ರದಿಂದ ಫಾಲ್ಗುಣದವರೆಗೆ ಯಾವ ತಿಂಗಳಲ್ಲಿ ಯಾವ ಹಣ್ಣು, ಯಾವ ಪಲ್ಲೆ ಬರುತ್ತಿತ್ತೆಂಬುದನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಅಂಥ ಹಾಳೆಗಳು ಹತ್ತಾರು ಕೂಡಿದರೆ ಮುಂದಿನ ಸಂಚಿಕೆಗೆ ನಮ್ಮದಕ್ಕಿಂತ ಒಳ್ಳೆಯ ಲೇಖನ ಸಿದ್ಧವಾಗುತ್ತದೆ. ಎರಡನೆಯದು: ಬರುವ ಹಂಗಾಮಿನಲ್ಲಿ ವ್ಯಾಪಾರಿಯನ್ನು ಕೇಳುವಾಗ “ಧಾರವಾಡದ್ದಿದೆಯೆ? ಅಂಕೋಲೆಯದಿದೆಯೆ?” ಎಂದು ಹೆಸರು ಹಿಡಿದು ಕೇಳಿ, ಇದ್ದರೆ ಆ ಹೆಸರಿಗೆ ಸಲ್ಲುವ ಬೆಲೆಯನ್ನು ಕೊಡಿ.

ಈ ಸಂಚಿಕೆ ನಿಮ್ಮ ಕೈ ಸೇರುವ ನವೆಂಬರದಲ್ಲಿ ಮಾವಿನ ಮರಗಳು ಇನ್ನೂ ಹೂಬಿಟ್ಟಿರುವುದಿಲ್ಲ. ಚಳಿ ಬೀಳಬೇಕು, ಹೂ ಬರಬೇಕು, ಹೂ ಮಿಡಿಯಾಗಬೇಕು, ಅಕಾಲದ ಮಳೆ ಬಾರದಿರಬೇಕು. ಅಷ್ಟರಲ್ಲಿ ನಮ್ಮ ದಲಾಲ ಗಿರಾಕಿಗಳು ಮುಂಗಡದ ಹಣ ಕಳಿಸಲು ಕೌಂಟರಿಗೆ ಬರುತ್ತಾರೆ. ಯಾವ ಊರಿಗೆಂದು ಈ ಸಲ ಅವರನ್ನು ಕೇಳಬೇಕೆಂದಿದ್ದೇವೆ. ಅವರು ತಿರುಗಿ ನಮ್ಮ ಊರು ಕೇಳಿದರೆ ಧಾರವಾಡವೆಂದೇ ಹೇಳುತ್ತೇವೆ.